ಇಲ್ಲ, ನಿಮ್ಮ ಗ್ರೀನ್ ಕಾರ್ಡ್ ನನ್ನ ಕೈಲಿಲ್ಲ

"ಹೋಮ್‌ಲ್ಯಾಂಡ್ ಸೆಕ್ಯುರಿಟಿ ಅಂದ್ರೆ ನೀವು ವೀಸಾದವರಾ?" ಅಮೆರಿಕದಲ್ಲಿ ಯಾವ ಕನ್ನಡ ಸಂಘದ ಊಟಕ್ಕೆ ಹೋದರೂ ಈ ಪ್ರಶ್ನೆ ತಪ್ಪಿದ್ದಲ್ಲ. ಹೇಳಿ ಹೇಳಿ ಸಾಕಾಗಿದೆ. ಇನ್ನು ಮೇಲೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಅಲ್ಲ. ನಾನು ಸರ್ಕಾರಿ ನೌಕರನೇ ಅಲ್ಲ. ಚಂಡಮಾರುತ, ಪ್ರವಾಹದಲ್ಲಿ ಹಾಳಾದ ಕೌಂಟಿಗಳ ಪರವಾಗಿ ವಾಷಿಂಗ್ಟನ್ನಿನಲ್ಲಿ ಓಡಾಡುವವನು. ಕೌಂಟಿ ಅಂದರೆ ನಮ್ಮ ಜಿಲ್ಲೆ ಅಂದುಕೊಳ್ಳಿ. ಪರಿಹಾರದ ಅರ್ಜಿ ತಿದ್ದುವುದು, ಸಂಸದರ ಕಚೇರಿಗಳಿಗೆ ಎಡತಾಕುವುದು, ನಿಯಮ ಬದಲಾದರೆ ಯಾರಿಗೆ ಪೆಟ್ಟು ಬೀಳುತ್ತೆ ಅಂತ ಮೊದಲೇ ಹೇಳುವುದು. ಇಷ್ಟೇ.

ಗೊಂದಲ ಆಗುವುದು ಸಹಜ, ಒಪ್ಪುತ್ತೇನೆ. 2001ರ ಭಯೋತ್ಪಾದಕ ದಾಳಿಯ ನಂತರ 22 ಇಲಾಖೆಗಳನ್ನು ಒಟ್ಟು ಸೇರಿಸಿ, 2003ರಲ್ಲಿ ಈ ಹೋಮ್‌ಲ್ಯಾಂಡ್ ಸೆಕ್ಯುರಿಟಿ, ಅಂದರೆ ಆಂತರಿಕ ಭದ್ರತೆಯ ಖಾತೆ ಶುರು ಮಾಡಿದರು. ಏರ್‌ಪೋರ್ಟಲ್ಲಿ ಬ್ಯಾಗು ಜಾಲಾಡುವವರು, ಗಡಿ ಕಾಯುವವರು, ನಿಮ್ಮ ಗ್ರೀನ್ ಕಾರ್ಡ್ ಫೈಲ್ ಇಟ್ಟುಕೊಂಡು ಕೂತವರು, ಎಲ್ಲರೂ ಅಲ್ಲೇ. 1979ರಿಂದ ವಿಕೋಪ ನಿರ್ವಹಣೆ ನೋಡಿಕೊಳ್ಳುತ್ತಿದ್ದ ಫೀಮಾ ಕೂಡ ಅದೇ ಸೂರಿನಡಿ ಬಂತು. ನನ್ನ ವ್ಯವಹಾರವೆಲ್ಲ ಫೀಮಾ ಜೊತೆ.

ಒಂದು ಯುಗಾದಿ ಊಟದಲ್ಲಿ ಒಬ್ಬರು ಟಿಶ್ಯೂ ಮೇಲೆ ತಮ್ಮ ಅರ್ಜಿ ನಂಬರ್ ಬರೆದು ನನ್ನ ಎಲೆ ಪಕ್ಕ ಇಟ್ಟರು. "ಸಾರ್, ಸುಮ್ನೆ ಒಂದು ಮಾತು ಹಾಕಿ ನೋಡಿ." ನನ್ನ ಕೈಲಿ ಆಗಲ್ಲ ಅಂದೆ. "ಹಂಗಾದ್ರೆ ಅಲ್ಲಿ ಏನ್ ಕೆಲಸ ಮಾಡ್ತೀರಾ?" ಬಿದ್ದ ಮರದ ಲೆಕ್ಕ ಹಾಕ್ತೀನಿ ಅಂದೆ. ಜೋರಾಗಿ ನಕ್ಕರು.

ತಮಾಷೆ ಅಲ್ಲ ಸ್ವಾಮಿ. ಬಿರುಗಾಳಿ ನಿಂತ ಮೇಲೆ ಮರ, ಮುರಿದ ಸೂರು, ನೆನೆದ ಹಾಸಿಗೆ ಎಲ್ಲ ರಸ್ತೆ ಪಕ್ಕಕ್ಕೆ ಬಂದು ಬೀಳುತ್ತವೆ. ಅಧ್ಯಕ್ಷರು ವಿಕೋಪ ಅಂತ ಘೋಷಿಸಿದರೆ, ಸಾಗಿಸುವ ಖರ್ಚಿನಲ್ಲಿ ಸಾಮಾನ್ಯವಾಗಿ ಶೇ. 75 ಕೇಂದ್ರದ್ದು. ಆದರೆ ಮೊದಲು ಕೌಂಟಿಯೇ ಕೈಯಿಂದ ಹಾಕಬೇಕು. ಆಮೇಲೆ ಲೆಕ್ಕ ತೋರಿಸಿ ವಾಪಸ್ ಪಡೆಯಬೇಕು. ಅದಕ್ಕೇ ಕಸ ಸುರಿಯುವ ಜಾಗದಲ್ಲಿ ಒಂದು ಅಟ್ಟಣೆ ಕಟ್ಟುತ್ತಾರೆ. ಮೇಲೆ ನಿಂತವನು ಒಳಬರುವ ಪ್ರತಿ ಟ್ರಕ್ಕಿಗೂ ಇಣುಕಿ, ಮುಕ್ಕಾಲು ತುಂಬಿದೆಯೋ ಅರ್ಧವೋ ಅಂತ ಚೀಟಿಯಲ್ಲಿ ಬರೆಯುತ್ತಾನೆ. ರಸ್ತೆ ಮೇಲೆ ನೇತಾಡುವ ಕೊಂಬೆ, ಮುರಿದ ಜಾಗದಲ್ಲಿ 2 ಇಂಚಿಗಿಂತ ದಪ್ಪ ಇದ್ದರೆ ಮಾತ್ರ ದುಡ್ಡು. ತೆಳ್ಳಗಿದ್ದರೆ ಕಡಿಸಿದ ಖರ್ಚು ನಿಮ್ಮದೇ.

ಕೇಳುವುದಾದರೆ ಇದನ್ನು ಕೇಳಿ: ಒಬ್ಬರಿಗೆ ದುಡ್ಡು ಬೇಗ, ಇನ್ನೊಬ್ಬರಿಗೆ ತಡ ಯಾಕೆ? 2005ರ ಆಗಸ್ಟ್ 29ಕ್ಕೆ ಕತ್ರೀನಾ ಚಂಡಮಾರುತ ಅಪ್ಪಳಿಸಿತು. ಸೆಪ್ಟೆಂಬರ್ 2ಕ್ಕೆಲ್ಲ 1,050 ಕೋಟಿ ಡಾಲರಿನ ಮೊದಲ ಮಸೂದೆಗೆ ಸಹಿ ಬಿತ್ತು. ಸ್ಯಾಂಡಿ ಬಂದಿದ್ದು 2012ರ ಅಕ್ಟೋಬರ್ 29ಕ್ಕೆ. ದೊಡ್ಡ ಪರಿಹಾರದ ಮಸೂದೆಗೆ ಸಹಿ ಬಿದ್ದಿದ್ದು 2013ರ ಜನವರಿ 29ಕ್ಕೆ. ಅಲ್ಲಿವರೆಗೆ ಫೀಮಾ ನಿಧಿಯಲ್ಲಿ ಇದ್ದದ್ದರಲ್ಲೇ ಹೇಗೋ ನಡೆಯಿತು. ಮುಳುಗಿದವರಿಗೆ ನೀರೇನೂ ರಿಯಾಯಿತಿ ಕೊಟ್ಟಿರಲಿಲ್ಲ. ಖರ್ಚಿನ ಬಗ್ಗೆ ಜಗಳ ಆಡುತ್ತಿದ್ದದ್ದು ಕಾಂಗ್ರೆಸ್. (ಇದು ಅಮೆರಿಕದ ಸಂಸತ್ತು. ಕಾಮೆಂಟಿನಲ್ಲಿ ಕುಸ್ತಿಗೆ ಬರಬೇಡಿ.)

ಊರಲ್ಲೂ ಇದೇ ಕಥೆ ಅಲ್ವಾ? 2023ರ ಬರಕ್ಕೆ ಕರ್ನಾಟಕ 18,171 ಕೋಟಿ ರೂಪಾಯಿ ಕೇಳಿತ್ತು. ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿದ ಮೇಲೆ, 2024ರ ಏಪ್ರಿಲ್‌ನಲ್ಲಿ ಬಂದಿದ್ದು 3,454 ಕೋಟಿ.

ಇನ್ನೊಂದಿದೆ. ದೊಡ್ಡ ಊರಿಗೆ ಕನ್ಸಲ್ಟೆಂಟು, ವಕೀಲರು, ನನ್ನಂಥವರು ಸಿಗುತ್ತಾರೆ. ಸಣ್ಣ ಕೌಂಟಿಯಲ್ಲಿ ಲೆಕ್ಕ ಬರೆಯಲು ಒಬ್ಬರೇ ಗುಮಾಸ್ತೆ. ಅವರ ಮನೆಗೂ ನೀರು ನುಗ್ಗಿರುತ್ತದೆ. ಬೆಳಗ್ಗೆ ಮನೆಯ ಕೆಸರು ಬಾಚಿ, ಮಧ್ಯಾಹ್ನ ಕೂತು ಟ್ರಕ್ಕಿನ ಚೀಟಿ ಜೋಡಿಸುತ್ತಾರೆ. ಚೀಟಿ ಕಳೆದರೆ ಆ ದುಡ್ಡಿಗೆ ಎಳ್ಳು ನೀರು. ವರ್ಷಗಳಾದ ಮೇಲೆ ಆಡಿಟ್‌ನಲ್ಲಿ ತಪ್ಪು ಹುಡುಕಿ, ಕೊಟ್ಟಿದ್ದನ್ನೂ ವಾಪಸ್ ಕೇಳುವುದುಂಟು. ನಿಯಮ ಇಷ್ಟು ಸಿಕ್ಕಾಗಿರುವುದರಿಂದಲೇ ನನ್ನಂಥವರ ಹೊಟ್ಟೆ ತುಂಬುತ್ತಿದೆ. ಅದನ್ನು ಇವತ್ತಿನವರೆಗೂ ಯಾರೂ ಕೇಳಿಲ್ಲ.