ಪ್ರೋಗ್ರಾಂ ಯಾಕೆ ಸತ್ತಿತು ಎಂದು ಹೇಳುವ ಕರ್ನಲ್ ಮಾಡ್ಯೂಲ್: ಇಲ್ಲಿಯವರೆಗಿನ ಕೆಲಸ

ಮಂಡ್ಯದ ಹತ್ತಿರ ನಮ್ಮ ಭಾವನವರ ಆಲೆಮನೆಯಲ್ಲಿ ಕಬ್ಬಿನ ತೂಕ ಓದಿ ಚೀಟಿ ಕೊಡುವ ಪ್ರೋಗ್ರಾಂ ಒಂದಿದೆ. ಲಿನಕ್ಸ್ ಮೇಲೆ ಓಡುತ್ತದೆ. ಆಗಾಗ ಸುಮ್ನೆ ನಿಂತುಹೋಗುತ್ತದೆ. ಗಾಡಿಗಳು ಸಾಲುಗಟ್ಟಿ ನಿಂತಿರುವಾಗ ಕಾರಣ ಹುಡುಕುತ್ತಾ ಕೂರೋಕೆ ಯಾರಿಗೆ ಪುರುಸೊತ್ತು? ಮತ್ತೆ ಶುರು ಮಾಡುತ್ತಾರೆ, ಅಷ್ಟೇ. ಆ ಕಾರಣ ತಾನಾಗಿಯೇ ದಾಖಲಾಗಲಿ ಅಂತ ಮೈಸೂರಿನಲ್ಲಿ ಕೂತು ಈ ಕರ್ನಲ್ ಮಾಡ್ಯೂಲ್ (ಲಿನಕ್ಸ್‌ನ ತಿರುಳಾದ ಕರ್ನಲ್‌ಗೆ ಜೋಡಿಸುವ ಕೋಡ್) ಬರೆಯುತ್ತಿದ್ದೇನೆ.

ಎಲ್ಲಿ ಕಾದು ಕೂರಬೇಕು ಅನ್ನುವುದೇ ಮುಖ್ಯ ಪ್ರಶ್ನೆ. ಸೆಗ್‌ಫಾಲ್ಟ್ (ಮುಟ್ಟಬಾರದ ಮೆಮೊರಿ ಮುಟ್ಟಿ ಸಾಯುವುದು) ಆದರೆ ಕರ್ನಲ್ ಲಾಗ್‌ನಲ್ಲಿ ಒಂದು ಸಾಲು ಸಿಗುತ್ತದೆ. ಪ್ರೋಗ್ರಾಂ ತಾನೇ ಅಬಾರ್ಟ್ (ತನ್ನನ್ನು ತಾನೇ ಕೊಂದುಕೊಳ್ಳುವ ಫಂಕ್ಷನ್) ಕರೆದು ಸತ್ತರೆ ಅದೂ ಇಲ್ಲ. ಕೋರ್ ಫೈಲ್ (ಸಾಯುವಾಗಿನ ಮೆಮೊರಿಯ ನಕಲು) ನೋಡೋಣ ಅಂದರೆ, ಎಷ್ಟೋ ಕಡೆ ಅದರ ಗಾತ್ರದ ಮಿತಿ 0 ಇರುತ್ತದೆ. ಹಾಗಾಗಿ ಕೋರ್ ಫೈಲ್ ಬರೆಯುವ ಕರ್ನಲ್‌ನ ಡು_ಕೋರ್‌ಡಂಪ್ ಫಂಕ್ಷನ್‌ನ ಬಾಗಿಲಿಗೇ ಕೆಪ್ರೋಬ್ (ಕರ್ನಲ್ ಫಂಕ್ಷನ್ ಓಡಿದಾಗ ನನ್ನ ಕೋಡ್ ಅನ್ನೂ ಕರೆಯುವ ಕೊಕ್ಕೆ) ಹಾಕಿದೆ. ನನಗೆ ತುಂಬಾ ಹಿಡಿಸಿದ್ದು ಇದು: ಮಿತಿ 0 ಇದೆಯೋ ಇಲ್ಲವೋ ಅಂತ ಕರ್ನಲ್ ನೋಡುವುದು ಆ ಫಂಕ್ಷನ್ ಒಳಗೆ ಹೋದ ಮೇಲೆ. ಅಂದರೆ ಕೋರ್ ಫೈಲ್ ಹುಟ್ಟದಿದ್ದರೂ ನನ್ನ ಕೋಡ್‌ಗೆ ಸುದ್ದಿ ಬರುತ್ತದೆ.

ಸಿಗ್ನಲ್ (ಪ್ರೋಗ್ರಾಂಗೆ ಬರುವ ಸೂಚನೆ, ಇಲ್ಲಿ ಅದನ್ನು ಕೊಂದದ್ದು) ನಂಬರ್, ಪ್ರೋಸೆಸ್ (ಓಡುತ್ತಿರುವ ಪ್ರೋಗ್ರಾಂ) ಮತ್ತು ಥ್ರೆಡ್ (ಅದರೊಳಗಿನ ಒಂದು ಎಳೆ) ಐಡಿ, ಹೆಸರು ಎಲ್ಲ ಅಲ್ಲೇ ಸಿಗುತ್ತವೆ. ಹೆಸರಿಗೆ 15 ಬೈಟ್ ಮಾತ್ರ ಜಾಗ. ಅದೂ ಥ್ರೆಡ್‌ನ ಹೆಸರು, ಅದಕ್ಕೇ ಎರಡೂ ಐಡಿ ಬೇಕು. ಮೆಮೊರಿ ವಿಳಾಸದ ವಿಷಯದಲ್ಲಿ ಹುಷಾರಾಗಿರಬೇಕು. ಸೆಗ್‌ಫಾಲ್ಟ್ ಅನ್ನು ಕರ್ನಲ್ಲೇ ಎಬ್ಬಿಸಿದಾಗ ಎಡವಿದ ವಿಳಾಸ ಅಲ್ಲಿರುತ್ತದೆ. ಅಬಾರ್ಟ್ ಆದಾಗ, ಇಲ್ಲವೇ ಯಾರಾದರೂ ಕಿಲ್ ಕಮಾಂಡ್‌ನಿಂದ ಸೆಗ್‌ಫಾಲ್ಟ್‌ನ ಸಿಗ್ನಲ್ ಆದ 11 ಕಳಿಸಿದಾಗ, ಅದೇ ಜಾಗದಲ್ಲಿ ಕಳಿಸಿದವರ ಐಡಿ ಇರುತ್ತದೆ. ಆದ್ದರಿಂದ ಸಿಗ್ನಲ್ ಕೋಡ್ (ಸಿಗ್ನಲ್ ಯಾಕೆ ಬಂತು ಅನ್ನುವ ಸಂಖ್ಯೆ) 0ಕ್ಕಿಂತ ಜಾಸ್ತಿ ಇದ್ದರೆ, ಅಂದರೆ ಕರ್ನಲ್ಲೇ ಕಳಿಸಿದ್ದರೆ ಮಾತ್ರ ವಿಳಾಸ ಬರೆಯುತ್ತೇನೆ.

ಕೆಪ್ರೋಬ್ ಹ್ಯಾಂಡ್ಲರ್ (ಅಲ್ಲಿ ಓಡುವ ನನ್ನ ಕೋಡ್) ನಿದ್ದೆಗೆ ಜಾರುವಂತಿಲ್ಲ, ಅಂದರೆ ಯಾವುದಕ್ಕೂ ಕಾಯುತ್ತಾ ಕೂರುವಂತಿಲ್ಲ. ಡಿಸ್ಕ್‌ಗೆ ಬರೆಯುವ ಮಾತೇ ಇಲ್ಲ. ಮೊದಲೇ ತೆಗೆದಿಟ್ಟ ಬಫರ್‌ಗೆ ಹಾಕುತ್ತೇನೆ, ಹೊರಗಿನ ಚಿಕ್ಕ ಪ್ರೋಗ್ರಾಂ ಅದನ್ನು ಓದಿಕೊಂಡು ಫೈಲ್‌ಗೆ ಸೇರಿಸುತ್ತದೆ.

ಪರೀಕ್ಷೆ ಎಲ್ಲ ಕ್ಯೂಎಮು (ಕಂಪ್ಯೂಟರ್ ಒಳಗೆ ನಕಲಿ ಕಂಪ್ಯೂಟರ್ ಓಡಿಸುವ ಸಾಫ್ಟ್‌ವೇರ್) ಒಳಗೇ. ಮಾಡ್ಯೂಲ್ ಕೆಟ್ಟರೆ ಇಡೀ ಯಂತ್ರವೇ ಬಿದ್ದುಹೋಗಬಹುದು, ಅಲ್ವಾ? ನಲ್ ಪಾಯಿಂಟರ್ (ಖಾಲಿ ವಿಳಾಸ) ಮುಟ್ಟಿದ್ದಕ್ಕೆ ಸಿಗ್ನಲ್ 11, ಅಬಾರ್ಟ್‌ಗೆ 6, ಸೊನ್ನೆಯಿಂದ ಭಾಗಿಸಿದ್ದಕ್ಕೆ 8, ಮೂರೂ ಸರಿಯಾಗಿ ಬಂದವು.

ಇನ್ನೂ ಸಿಗದಿರುವುದು ಸಿಗ್ನಲ್ 9, ಅಂದರೆ ತಡೆಯಲಾಗದಂತೆ ಕೊಲ್ಲುವ ಸಿಗ್ನಲ್. ಮೆಮೊರಿ ಸಾಲದೆ ಕರ್ನಲ್ಲೇ ಪ್ರೋಗ್ರಾಂ ಅನ್ನು ಕೊಂದರೆ ಅದು ಡು_ಕೋರ್‌ಡಂಪ್ ಕಡೆ ಬರುವುದೇ ಇಲ್ಲ. ಆಲೆಮನೆಯದು ಹಳೇ ಯಂತ್ರ, ಮೆಮೊರಿ ಕಮ್ಮಿ, ಅನುಮಾನ ಅಲ್ಲೇ ಜಾಸ್ತಿ. ಮುಂದಿನ ಕೆಲಸ, ಹಾಗೆ ಕೊಲ್ಲಲು ಕರ್ನಲ್ ಒಂದು ಪ್ರೋಗ್ರಾಂ ಆರಿಸಿದಾಗ ಸುದ್ದಿ ಕೊಡುವ ಮಾರ್ಕ್_ವಿಕ್ಟಿಮ್ ಟ್ರೇಸ್‌ಪಾಯಿಂಟ್‌ಗೆ ಜೋಡಿಸುವುದು. ಅದಾದ ಮೇಲೆಯೇ ಮಂಡ್ಯಕ್ಕೆ ಒಯ್ಯುತ್ತೇನೆ.