ಕೌನ್ಸೆಲಿಂಗ್ ಕಾಂಪ್ಯಾಕ್ಟ್: ಅರ್ಜಿ ಹಾಕುವ ಮುಂಚೆ ತಿಳಿದಿರಬೇಕಾದದ್ದು

ಮಿನೆಸೋಟಾದ ಕೌನ್ಸೆಲರ್ ಹತ್ತಿರ ಕನ್ನಡದಲ್ಲೇ ಮನಸ್ಸು ಬಿಚ್ಚಿ ಮಾತಾಡುತ್ತಿದ್ದವರು ಕೆಲಸಕ್ಕೆಂದು ಅರಿಜೋನಾಗೆ ಹೋದರು ಅಂದುಕೊಳ್ಳಿ. ಮುಂದಿನ ವಿಡಿಯೋ ಸೆಷನ್‌ಗೆ ಅರಿಜೋನಾದ ಅನುಮತಿ ಬೇಕು. ಕ್ಲೈಂಟ್ ಆ ಹೊತ್ತಿಗೆ ಎಲ್ಲಿ ಕೂತಿದ್ದಾರೋ ಅಲ್ಲಿನ ಕಾನೂನೇ ಲೆಕ್ಕಕ್ಕೆ ಬರುವುದು. ಕನ್ನಡ ಬಲ್ಲ ಕೌನ್ಸೆಲರ್‌ಗಳು ಅಮೆರಿಕದಲ್ಲಿ ಊರೂರಿಗೂ ಸಿಗುವುದಿಲ್ಲ. ಕೌನ್ಸೆಲಿಂಗ್ ಕಾಂಪ್ಯಾಕ್ಟ್ ಅನ್ನುವುದು ಒಂದು ರಾಜ್ಯದ ಲೈಸೆನ್ಸ್ ಇರುವ ಕೌನ್ಸೆಲರ್ ಬೇರೆ ಸದಸ್ಯ ರಾಜ್ಯಗಳಲ್ಲೂ ಕೆಲಸ ಮಾಡಲು ದಾರಿ ಮಾಡಿಕೊಡುವ, ಅಮೆರಿಕದ ರಾಜ್ಯಗಳ ನಡುವಿನ ಒಪ್ಪಂದ. ಹಾಗಾಗಿ ಇದು ನಮ್ಮವರಿಗೆ ನಿಜಕ್ಕೂ ದೊಡ್ಡ ಅನುಕೂಲ.

2021ರಲ್ಲಿ ಜಾರ್ಜಿಯಾ ಮೊದಲು ಇದನ್ನು ಕಾನೂನು ಮಾಡಿತು. ಅರ್ಜಿ ಶುರುವಾದದ್ದು ಮಾತ್ರ 2025ರ ಸೆಪ್ಟೆಂಬರ್ ಕೊನೆಗೆ, ಅದೂ ಅರಿಜೋನಾ, ಮಿನೆಸೋಟಾ ಎರಡರಲ್ಲೇ. ಕಾನೂನು ಪಾಸಾದ ರಾಜ್ಯವೆಲ್ಲ ಅರ್ಜಿ ತಗೊಳ್ಳುತ್ತಿದೆ ಎಂದಲ್ಲ. ನಿಮ್ಮ ರಾಜ್ಯ, ಕ್ಲೈಂಟ್ ಇರುವ ರಾಜ್ಯ ಎರಡೂ ಶುರುಮಾಡಿರಬೇಕು.

ಸಿಗುವುದು ಹೊಸ ಲೈಸೆನ್ಸ್ ಅಲ್ಲ, ‘ಪ್ರಿವಿಲೇಜ್’, ಅಂದರೆ ನಿಮ್ಮ ರಾಜ್ಯದ ಲೈಸೆನ್ಸ್ ಆಧಾರದ ಮೇಲೆ ಇನ್ನೊಂದು ಸದಸ್ಯ ರಾಜ್ಯದಲ್ಲಿ ಪ್ರಾಕ್ಟೀಸ್ ಮಾಡುವ ಅನುಮತಿ. ಒಂದೊಂದು ರಾಜ್ಯಕ್ಕೂ ಬೇರೆ ಅರ್ಜಿ, ಬೇರೆ ಫೀ. ಕೆಲವು ಕಡೆ ಅಲ್ಲಿನ ಕಾನೂನಿನ ಮೇಲೆ ಪರೀಕ್ಷೆಯೂ ಉಂಟು. ಸ್ವತಂತ್ರವಾಗಿ ಪ್ರಾಕ್ಟೀಸ್ ಮಾಡುವ ಪೂರ್ಣ ಲೈಸೆನ್ಸ್, 60 ಸೆಮಿಸ್ಟರ್ ಅವರ್‌ಗಳ ಮಾಸ್ಟರ್ಸ್ ಅಥವಾ ಅಷ್ಟೇ ಅವರ್‌ಗಳ ಸ್ನಾತಕೋತ್ತರ ಕೋರ್ಸ್‌ವರ್ಕ್, ಎಫ್‌ಬಿಐ ಬೆರಳಚ್ಚು ತಪಾಸಣೆ ಬೇಕು. ಹಿಂದಿನ ಎರಡು ವರ್ಷದಲ್ಲಿ ಲೈಸೆನ್ಸ್ ಮೇಲೆ ಯಾವ ನಿರ್ಬಂಧವೂ ಬಿದ್ದಿರಬಾರದು. ಸೂಪರ್‌ವಿಷನ್‌ನಲ್ಲಿರುವ ಅಸೋಸಿಯೇಟ್‌ಗಳಿಗೆ ಇದು ಇಲ್ಲ. ಸೋಶಿಯಲ್ ವರ್ಕರ್‌, ಸೈಕಾಲಜಿಸ್ಟ್‌ಗಳಿಗೆ ಬೇರೆ ಕಾಂಪ್ಯಾಕ್ಟ್‌ಗಳಿವೆ.

ಜನ ಎಡವುವುದು ‘ಹೋಮ್ ಸ್ಟೇಟ್’ ವಿಷಯದಲ್ಲಿ. ಅದು ನೀವು ನಿಜವಾಗಿ ವಾಸವಿರುವ ರಾಜ್ಯ, ಅಲ್ಲಿನ ಲೈಸೆನ್ಸೂ ನಿಮ್ಮ ಹತ್ತಿರ ಇರಬೇಕು. ಸದಸ್ಯ ರಾಜ್ಯದ ಲೈಸೆನ್ಸ್ ಇಟ್ಟುಕೊಂಡು ಸದಸ್ಯವಲ್ಲದ ರಾಜ್ಯದಲ್ಲಿ ಮನೆ ಮಾಡಿದ್ದರೆ ಪ್ರಿವಿಲೇಜ್ ಸಿಗದು. ಮನೆ ಬದಲಿಸುವಾಗಲೂ ಇದೇ ತೊಡಕು: ಹೊಸ ರಾಜ್ಯ ಸದಸ್ಯವಾಗಿದ್ದರೆ ಅಲ್ಲಿನ ಲೈಸೆನ್ಸ್‌ಗೆ ಕಾಂಪ್ಯಾಕ್ಟ್ ಮೂಲಕವೇ ದಾರಿಯಿದೆ, ಸಾಮಾನು ಕಟ್ಟುವ ಮೊದಲೇ ಎರಡೂ ರಾಜ್ಯಗಳ ಲೈಸೆನ್ಸ್ ಬೋರ್ಡ್‌ಗಳನ್ನು ಸಂಪರ್ಕಿಸಿ. ಹೋಮ್ ಸ್ಟೇಟ್ ಲೈಸೆನ್ಸ್ ನವೀಕರಣ ತಪ್ಪಿದರೆ ಪ್ರಿವಿಲೇಜ್‌ಗಳ ಅವಧಿಯೂ ಅಲ್ಲಿಗೇ ಮುಗಿಯುತ್ತದೆ. ಮುಂದುವರಿಕೆ ಶಿಕ್ಷಣದ ಗಂಟೆಗಳು ಮಾತ್ರ ಹೋಮ್ ಸ್ಟೇಟ್ ಕೇಳಿದಷ್ಟು ಸಾಕು, ಇದೊಂದು ನೆಮ್ಮದಿ.

ಗೋಪ್ಯತೆ, ಕ್ಲೈಂಟ್‌ನಿಂದ ಯಾರಿಗಾದರೂ ಅಪಾಯವಿದ್ದರೆ ಎಚ್ಚರಿಸುವುದು, ಅಪ್ರಾಪ್ತರ ಒಪ್ಪಿಗೆ ಇವೆಲ್ಲಕ್ಕೂ ಕ್ಲೈಂಟ್ ಇರುವ ರಾಜ್ಯದ ನಿಯಮವೇ. ಅದಕ್ಕೇ ಪ್ರತಿ ಸೆಷನ್ ಶುರುವಿನಲ್ಲಿ ‘ಈಗ ಎಲ್ಲಿದ್ದೀರಿ?’ ಎಂದು ಕೇಳಿ ವಿಳಾಸ, ತುರ್ತು ಸಂಪರ್ಕದ ನಂಬರ್ ನೋಟ್‌ನಲ್ಲಿ ಬರೆಯಿರಿ. ಇನ್ಶೂರೆನ್ಸ್ ಕಂಪನಿ ಹಣ ಕೊಡಲು ಒಪ್ಪಿದ ಕೌನ್ಸೆಲರ್‌ಗಳ ಪಟ್ಟಿ, ಅಂದರೆ ಪ್ಯಾನೆಲ್‌ಗೆ ಸೇರುವುದು ಬೇರೆಯೇ ಕೆಲಸ. ಪ್ರಿವಿಲೇಜ್ ಇದ್ದ ಮಾತ್ರಕ್ಕೆ ಬಿಲ್ ಪಾಸಾಗುವುದಿಲ್ಲ.

ಕ್ಲೈಂಟ್ ರಜೆಗೆ ಬೆಂಗಳೂರಿಗೆ ಹೊರಟರೆ ಕಾಂಪ್ಯಾಕ್ಟ್ ಜೊತೆಗೆ ಬರುವುದಿಲ್ಲ. ಟಿಕೆಟ್ ಬುಕ್ ಆದಾಗಲೇ ಮಾತಾಡಿ: ಸೆಷನ್ ನಿಲ್ಲಿಸುವುದೋ, ಆ ವಾರಗಳಲ್ಲಿ ಅಲ್ಲಿ ಯಾರನ್ನು ನೋಡುವುದೋ ತೀರ್ಮಾನಿಸಿ ಬರೆದಿಡಿ.