ಉಳ್ಳಾಗಡ್ಡಿ ಬೇರಿನ ಕೊನೆಯ ಎರಡು ಮಿಲಿಮೀಟರ್

ಕೋಶ ವಿಭಜನೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಸ್ಲೈಡ್ ಮಾಡಲು ಬಳ್ಳಾರಿ ಸೀಮೆಯವರು ಉಳ್ಳಾಗಡ್ಡಿಗೆ ಪರದಾಡಬೇಕಿಲ್ಲ. ಆದರೂ ಪಿಯು ಪ್ರಯೋಗಾಲಯಗಳಲ್ಲಿ ಈ ಸ್ಲೈಡ್ ಕೆಡುವುದೇ ಹೆಚ್ಚು. ಬೇರಿನಲ್ಲಿ ಕೋಶ ಒಡೆಯುವ ಜಾಗ ಬೇರೆ, ಉದ್ದವಾಗುವ ಜಾಗ ಬೇರೆ ಎಂಬುದು ಕತ್ತರಿಸುವ ಹೊತ್ತಿಗೆ ಮರೆತುಹೋಗಿರುತ್ತದೆ.

ತುತ್ತತುದಿಯಲ್ಲಿ ಬೇರಿನ ಟೋಪಿ. ಅದರ ಬೆನ್ನಿಗೇ ಒಂದೆರಡು ಮಿ.ಮೀ. ಜಾಗದಲ್ಲಿ ಚೌಕನೆಯ, ಒತ್ತೊತ್ತಾದ ಕೋಶಗಳಿವೆ. ವಿಭಜನೆ ನಡೆಯುವುದು ಅಲ್ಲಿ. ಅದಕ್ಕೂ ಮೇಲಿನ ಕೋಶಗಳು ನೀರು ಹೀರಿ, ಒಳಗಿನ ರಸದಾನಿ (ವ್ಯಾಕ್ಯೂಲ್) ಹಿಗ್ಗಿ ಉದ್ದವಾಗುತ್ತವೆ. ಬೇರು ಮುಂದಕ್ಕೆ ಸಾಗುವುದು ಮುಖ್ಯವಾಗಿ ಈ ಹಿಗ್ಗುವಿಕೆಯಿಂದ. ಅಲ್ಲಿನ ತುಂಡು ತೆಗೆದರೆ ಎಷ್ಟು ಹುಡುಕಿದರೂ ವರ್ಣತಂತು (ಕ್ರೋಮೋಸೋಮ್) ಸಿಗದು.

ಗಡ್ಡೆಯ ಬುಡದ ಒಣಬೇರುಗಳನ್ನು ಬ್ಲೇಡಿನಿಂದ ಹೆರೆದು, ಬುಡ ಮಾತ್ರ ನೀರಿಗೆ ತಾಗುವಂತೆ ಲೋಟದ ಮೇಲಿಡಿ. ಇಡೀ ಗಡ್ಡೆ ಮುಳುಗಿದರೆ ಕೊಳೆಯುತ್ತದೆ. ನೀರನ್ನು ದಿನಾ ಬದಲಿಸಿ. ರಾಯಚೂರಿನ ಏಪ್ರಿಲ್ ಬಿಸಿಲಿನಲ್ಲಿ ಕಿಟಕಿ ಪಕ್ಕ ಇಟ್ಟರೆ ನೀರೇ ಕಾದು ಬೇರು ಸೊರಗುತ್ತದೆ. ತಣ್ಣನೆಯ ಮೂಲೆ ಹುಡುಕಿ, ಇಲ್ಲವೇ ಈ ಪ್ರಯೋಗವನ್ನು ಚಳಿಗಾಲಕ್ಕೇ ಇಟ್ಟುಕೊಳ್ಳಿ. ಬೇರು 2–3 ಸೆಂ.ಮೀ. ಆದಾಗ ಬೆಳಿಗ್ಗೆ ಎಂಟರಿಂದ ಹತ್ತರೊಳಗೆ ತುದಿ ಕತ್ತರಿಸಿ, ಮೂರು ಪಾಲು ಆಲ್ಕೋಹಾಲ್, ಒಂದು ಪಾಲು ಗ್ಲೇಶಿಯಲ್ ಅಸಿಟಿಕ್ ಆಮ್ಲದ ಮಿಶ್ರಣದಲ್ಲಿ 24 ಗಂಟೆ ಬಿಡಿ. ಆಮೇಲೆ 70% ಆಲ್ಕೋಹಾಲಿನಲ್ಲಿ ಕಾಪಿಡಬಹುದು.

ಆತುರದವರು ಕೈಬಿಡುವ ಹಂತ ಮುಂದಿನದು. ಒಂದು ನಾರ್ಮಲ್ (1N) ಸಾಂದ್ರತೆಯ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ, 60 ಡಿಗ್ರಿ ಶಾಖದಲ್ಲಿ ತುದಿಯನ್ನು ಐದಾರು ನಿಮಿಷ ಇಟ್ಟರೆ ಕೋಶಗಳನ್ನು ಅಂಟಿಸಿರುವ ಪೆಕ್ಟಿನ್ ಸಡಿಲಾಗುತ್ತದೆ. ಕಡಿಮೆಯಾದರೆ ಕೋಶಗಳು ಪದರಪದರವಾಗಿ ಒಂದರ ಮೇಲೊಂದು ಬಿದ್ದಿರುತ್ತವೆ. ಹೆಚ್ಚಾದರೆ ತುದಿ ಮೆತ್ತಗಾಗಿ ಬಣ್ಣವೂ ಸರಿಯಾಗಿ ಹಿಡಿಯದು. ತೊಳೆದು, ಕೊನೆಯ ಎರಡು ಮಿ.ಮೀ. ಮಾತ್ರ ಉಳಿಸಿ, ಅಸಿಟೋಕಾರ್ಮಿನ್ ಬಣ್ಣ ಹಾಕಿ ಹತ್ತು–ಹದಿನೈದು ನಿಮಿಷ ಬಿಡಿ. ಸ್ಪಿರಿಟ್ ಲ್ಯಾಂಪ್ ಮೇಲೆ ಆಡಿಸಿ, ಕುದಿಸಬೇಡಿ. ಕೆದಕಲು ಕಬ್ಬಿಣದ ಸೂಜಿಯೇ ಇರಲಿ: ಕಬ್ಬಿಣದ ಅಂಶ ಸೇರಿದರೆ ಈ ಬಣ್ಣ ಗಾಢವಾಗುತ್ತದೆ. ಕವರ್ ಸ್ಲಿಪ್ ಮೇಲೆ ಬ್ಲಾಟಿಂಗ್ ಪೇಪರ್ ಇಟ್ಟು ಹೆಬ್ಬೆರಳಿನಿಂದ ನೇರಕ್ಕೆ ಒತ್ತಿ. ಜಾರಿಸಿದರೆ ಕೋಶಗಳು ಸುರುಳಿ ಸುತ್ತಿಕೊಳ್ಳುತ್ತವೆ.

ಹೆಚ್ಚಿನ ಕೋಶಗಳಲ್ಲಿ ಬರೀ ಗುಂಡನೆಯ ಕೋಶಕೇಂದ್ರ ಕಂಡರೆ ಸ್ಲೈಡ್ ಕೆಟ್ಟಿತೆಂದಲ್ಲ. ಕೋಶದ ಆಯುಷ್ಯದ ಹೆಚ್ಚು ಪಾಲು ಎರಡು ವಿಭಜನೆಗಳ ನಡುವಿನ ಇಂಟರ್‌ಫೇಸ್ ಹಂತದಲ್ಲೇ ಕಳೆಯುತ್ತದೆ. ಡಿಎನ್‌ಎ ಇಮ್ಮಡಿಯಾಗುವುದೂ ಆಗಲೇ. ಹಾಗಾಗಿ ವರ್ಣತಂತುಗಳು ನಡುವೆ ಸಾಲಾಗುವ ಮೆಟಾಫೇಸ್‌ಗೆ ಬರುವ ಹೊತ್ತಿಗೆ ಉಳ್ಳಾಗಡ್ಡಿಯ 16 ವರ್ಣತಂತುಗಳಲ್ಲಿ ಪ್ರತಿಯೊಂದೂ ಜೋಡಿ ಎಳೆಯದ್ದು. ಮುಂದಿನ ಹಂತವಾದ ಅನಾಫೇಸ್‌ನಲ್ಲಿ ಎಳೆಗಳು ಬೇರ್ಪಟ್ಟು ಅತ್ತ 16, ಇತ್ತ 16. ಕೊನೆಗೆ ನಡುವಿನಿಂದ ಹೊರಕ್ಕೆ ಹೊಸ ಗೋಡೆ ಕಟ್ಟಿಕೊಳ್ಳುತ್ತದೆ. ರೆಕಾರ್ಡಿನಲ್ಲಿ ಪ್ರಾಣಿಕೋಶದಲ್ಲಿರುವಂಥ ಸೆಂಟ್ರಿಯೋಲ್ ಬರೆದು ಅಂಕ ಕಳೆದುಕೊಳ್ಳಬೇಡಿ, ಉಳ್ಳಾಗಡ್ಡಿಯಲ್ಲಿ ಅದಿಲ್ಲ.

ಸ್ಲೈಡ್ ಕೈಗೆ ಹತ್ತಿದ ಮೇಲೆ ಸುಮಾರು 500 ಕೋಶ ಎಣಿಸಿ, ವಿಭಜನೆಯಲ್ಲಿರುವವು ಶೇಕಡಾ ಎಷ್ಟೆಂದು ನೋಡಿ. ಸ್ವೀಡನ್ನಿನ ವಿಜ್ಞಾನಿ ಆಲ್ಬರ್ಟ್ ಲೆವಾನ್ 1938ರಲ್ಲಿ ಕಾಲ್ಚಿಸಿನ್ ಎಂಬ ರಾಸಾಯನಿಕದ ಪರಿಣಾಮ ಪರೀಕ್ಷಿಸಿದ್ದು ಇದೇ ಬೇರಿನ ಮೇಲೆ. ಅದು ವರ್ಣತಂತುಗಳನ್ನು ಅತ್ತಿತ್ತ ಸೆಳೆಯುವ ಕದಿರಿನ (ಸ್ಪಿಂಡಲ್) ಎಳೆಗಳನ್ನು ಕೆಡಿಸಿ, ಅವು ಎರಡು ಪಾಲಾಗದಂತೆ ತಡೆಯುತ್ತದೆ. ಸಿಂಧನೂರು, ಗಂಗಾವತಿ ಕಡೆಯ ಭತ್ತದ ಗದ್ದೆಯಿಂದ ಬಸಿದ ನೀರಿನಲ್ಲಿ ಬೇರು ಬಿಡಿಸಿ, ಆ ನೀರನ್ನೂ ಹೀಗೇ ಪರೀಕ್ಷಿಸಬಹುದು. ಹೋಲಿಕೆಗೆ ಪಕ್ಕದಲ್ಲೇ ಕುಡಿಯುವ ನೀರಿನ ಲೋಟವೂ ಇರಲಿ: ಒಂದೇ ಚೀಲದ, ಒಂದೇ ಗಾತ್ರದ ಗಡ್ಡೆಗಳು, ತುದಿ ಕತ್ತರಿಸುವ ಸಮಯವೂ ಒಂದೇ.